ಪಟ್ಟಿಗೆ ಸೇರದ ಹೆಸರುಗಳು

ಕ್ರಿಕೆಟ್ ತಂಡದ ಪಟ್ಟಿ ಪತ್ರಿಕೆಯಲ್ಲಿ ಅಚ್ಚಾದ ಬೆಳಿಗ್ಗೆ ಬೆಂಗಳೂರಿನ ಅನೇಕ ಮನೆಗಳಲ್ಲಿ ಕಾಫಿ ಆರಿಹೋಗುವುದುಂಟು. ತಂದೆಗೆ ಒಬ್ಬ ಬೌಲರನನ್ನು ಕೈಬಿಟ್ಟದ್ದು ಘೋರ ಅನ್ಯಾಯವೆಂದು ತೋರಿದರೆ, ಮಗನಿಗೆ ಇನ್ನೊಬ್ಬನನ್ನು ಸೇರಿಸಿಕೊಂಡದ್ದು ಅದಕ್ಕೂ ದೊಡ್ಡ ಅನ್ಯಾಯವೆಂದು ತೋರುತ್ತದೆ. ಅಡಿಗೆಮನೆಯ ಬಾಗಿಲಲ್ಲಿ ನಿಂತು ಇಬ್ಬರ ವಾದವನ್ನೂ ಕೇಳಿದ ಗೃಹಿಣಿಯ ತೀರ್ಪು ಬೇರೆಯೇ ಇರುತ್ತದೆ. ಹನ್ನೊಂದು ಮಂದಿಯ ಆಟಕ್ಕೆ ಇಷ್ಟು ಚರ್ಚೆ. ಹದಿನೈದು ಮಂದಿಯ ರಗ್ಬಿ ಆಟವೇ ಸರ್ವಸ್ವವೆಂದು ಬಗೆದಿರುವ ನ್ಯೂಜಿಲೆಂಡಿನಲ್ಲಿ, ಋತು ಆರಂಭವಾಗುವ ಮುನ್ನ ರಾಷ್ಟ್ರೀಯ ತಂಡ ಪ್ರಕಟವಾದ ದಿನ ಏನಾಗುತ್ತಿರಬಹುದೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ರಗ್ಬಿ ನಮ್ಮವರಿಗೆ ಹೆಚ್ಚು ಪರಿಚಿತವಾದ ಆಟವಲ್ಲ. ಮೊಟ್ಟೆಯಾಕಾರದ ಚೆಂಡು; ಅದನ್ನು ಎದೆಗವಚಿಕೊಂಡು ಓಡಬಹುದು, ಒದೆಯಬಹುದು, ಹಿಂದಕ್ಕೆ ಅಥವಾ ಪಕ್ಕಕ್ಕೆ ಎಸೆಯಬಹುದು, ಆದರೆ ಮುಂದಕ್ಕೆ ಮಾತ್ರ ಎಸೆಯುವಂತಿಲ್ಲ. ಎಂಟು ಮಂದಿ ಮುಂಪಡೆಯವರು, ಏಳು ಮಂದಿ ಹಿಂಪಡೆಯವರು. ಹಿಂದೊಮ್ಮೆ ಕಲ್ಕತ್ತೆಯ ಆಂಗ್ಲರು ಈ ಆಟವನ್ನು ಅಲ್ಲಿ ನೆಲೆಗೊಳಿಸಲು ಯತ್ನಿಸಿ ಸೋತು, ತಮ್ಮ ಕ್ಲಬ್ಬನ್ನು ಮುಚ್ಚುವಾಗ ಬ್ಯಾಂಕಿನಲ್ಲಿ ಉಳಿದಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಒಂದು ಕಪ್ಪನ್ನು ಮಾಡಿಸಿದರು. ಮೂರು ನಾಗರಹಾವುಗಳೇ ಅದರ ಹಿಡಿಕೆಗಳು, ಮುಚ್ಚಳದ ಮೇಲೆ ಒಂದು ಆನೆ. 1879ರಿಂದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ತಂಡಗಳು ಅದಕ್ಕಾಗಿ ಕಾದಾಡುತ್ತಲೇ ಇವೆ. ಈ ಆಟಕ್ಕೂ ನಮಗೂ ಇರುವ ನಂಟು ಬಹುಮಟ್ಟಿಗೆ ಇಷ್ಟೇ ಎಂದು ತಿಳಿದವರಿಗೆ, ನ್ಯೂಜಿಲೆಂಡಿನ ಹಳೆಯ ಪಟ್ಟಿಯೊಂದರಲ್ಲಿ ‘ರಣಜಿ’ ಎಂಬ ಹೆಸರು ಕಂಡರೆ ಆಶ್ಚರ್ಯವಾಗದಿರದು.

ಆತನ ನಿಜವಾದ ಹೆಸರು ನಥಾನಿಯಲ್ ಆರ್ಥರ್ ವಿಲ್ಸನ್. ತಂದೆ ವೆಸ್ಟ್ ಇಂಡೀಸ್ ಮೂಲದವನು, ತಾಯಿ ಆಂಗ್ಲ ಮಹಿಳೆ. ಮೈಬಣ್ಣ ಕಪ್ಪಾಗಿದ್ದುದರಿಂದ, ಆ ದಿನಗಳಲ್ಲಿ ಇಂಗ್ಲೆಂಡಿನ ಕ್ರಿಕೆಟ್ ಮೈದಾನಗಳಲ್ಲಿ ಮನೆಮಾತಾಗಿದ್ದ ನಮ್ಮ ರಣಜಿತ್ ಸಿಂಹಜಿಯ ಹೆಸರನ್ನೇ ಗೆಳೆಯರು ಆತನಿಗೂ ಅಂಟಿಸಿಬಿಟ್ಟರು. ನಮ್ಮಲ್ಲಿ ಯಾರ ನೆನಪಿಗಾಗಿ ರಣಜಿ ಟ್ರೋಫಿ ನಡೆಯುತ್ತದೆಯೋ ಅವನ ಹೆಸರು ಹೀಗೆ ಭೂಮಿಯ ಇನ್ನೊಂದು ತುದಿಗೆ ಹೋಗಿ ಒಬ್ಬ ರಗ್ಬಿ ಆಟಗಾರನಿಗೆ ಸೇರಿತು. 1908ರಿಂದ 1914ರವರೆಗೆ ರಣಜಿ ವಿಲ್ಸನ್ ನ್ಯೂಜಿಲೆಂಡ್ ತಂಡದ ಮುಂಪಡೆಯ ಆಧಾರಸ್ತಂಭಗಳಲ್ಲಿ ಒಬ್ಬನಾಗಿದ್ದನು. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಬ್ರಿಟನ್ನಿನಲ್ಲಿದ್ದ ಸೈನ್ಯಗಳ ನಡುವೆ ರಾಜ ಐದನೆಯ ಜಾರ್ಜ್ ನೀಡಿದ ಕಪ್ಪಿಗಾಗಿ ಪಂದ್ಯಾವಳಿ ನಡೆದಾಗ, ಅದನ್ನು ಗೆದ್ದ ನ್ಯೂಜಿಲೆಂಡ್ ಸೈನಿಕ ತಂಡದಲ್ಲಿ ಆತನೂ ಇದ್ದನು.

ಗೆದ್ದ ತಂಡ ಸ್ವದೇಶಕ್ಕೆ ಮರಳುವ ದಾರಿಯಲ್ಲಿ ದಕ್ಷಿಣ ಆಫ್ರಿಕದಲ್ಲಿ ಇಳಿದು ಕೆಲವು ಪಂದ್ಯಗಳನ್ನಾಡಬೇಕೆಂದು ಏರ್ಪಾಡಾಯಿತು. ತಂಡವೇನೋ ಹೋಯಿತು, ರಣಜಿ ವಿಲ್ಸನ್ ಮಾತ್ರ ಅದರಲ್ಲಿರಲಿಲ್ಲ. ಕರಿಯ ಆಟಗಾರನು ಬರುವುದು ಅಲ್ಲಿನವರಿಗೆ ಹಿತವಾಗದೆಂಬ ಸೂಚನೆ ಬಂದಿತ್ತು. ಒಂದೇ ಸೈನ್ಯಕ್ಕೆ ಸೇರಿದವನನ್ನು, ಒಂದೇ ಕಪ್ಪನ್ನು ಗೆದ್ದವನನ್ನು, ತಂಡದವರು ಬಿಟ್ಟು ಹೊರಟರು. ಇದೇ ವಿಲ್ಸನ್ ಮುಂದೆ ಸ್ವದೇಶದಲ್ಲಿ ರಾಷ್ಟ್ರೀಯ ತಂಡದ ಆಯ್ಕೆಗಾರರಲ್ಲಿ ಒಬ್ಬನಾದನು ಎಂಬುದು ಈ ಕಥೆಯ ಒಂದು ವಿಚಿತ್ರ. ನ್ಯೂಜಿಲೆಂಡಿಗೆ ಆತನ ಕಣ್ಣಿನ ಮೇಲೂ ತೀರ್ಪಿನ ಮೇಲೂ ನಂಬಿಕೆಯಿತ್ತು. ಆದರೆ ಆತನ ಪಕ್ಷವನ್ನು ವಹಿಸಿ ಇನ್ನೊಂದು ದೇಶಕ್ಕೆ ಎದುರಾಗಿ ಒಂದು ಮಾತನ್ನಾಡುವ ಧೈರ್ಯವಿರಲಿಲ್ಲ.

ಅಲ್ಲಿ ತಂಡವನ್ನು ಆರಿಸುತ್ತಿದ್ದ ಪದ್ಧತಿಯ ವಿಚಾರವಾಗಿ ಎರಡು ಮಾತು ಹೇಳಬೇಕು. ಆಯ್ಕೆಗಾರರು ಚಳಿಗಾಲವೆಲ್ಲ ಊರಿಂದೂರಿಗೆ ತಿರುಗಿ, ಮಳೆಯಲ್ಲಿ ಕೊಡೆಹಿಡಿದು ನಿಂತು ಪ್ರಾಂತಗಳ ಪಂದ್ಯಗಳನ್ನು ನೋಡುತ್ತಿದ್ದರು. ಕೊನೆಯಲ್ಲಿ, ಮನಸ್ಸಿಗೆ ಬಂದವರನ್ನೆಲ್ಲ ಒಂದೆಡೆ ಕೂಡಿಸಿ ಪರೀಕ್ಷಾ ಪಂದ್ಯಗಳನ್ನಾಡಿಸುತ್ತಿದ್ದರು. ಅದಾದ ಮೇಲೆ ಹೆಸರುಗಳ ಪಟ್ಟಿ. ಬಾನುಲಿ ಬಂದ ಕಾಲಕ್ಕೆ ಈ ಪಟ್ಟಿಯನ್ನು ಬಾನುಲಿಯಲ್ಲಿ ಓದುವುದು ರೂಢಿಯಾಯಿತು. ದೇಶವೆಲ್ಲ ಕಿವಿಗೊಟ್ಟು ಕುಳಿತಿರುತ್ತಿತ್ತು. ಆಟಗಾರನಿಗೂ ತಾನು ಆಯ್ಕೆಯಾದ ಸಂಗತಿ ಹಲವು ವೇಳೆ ಹಾಗೆಯೇ ತಿಳಿಯುತ್ತಿತ್ತು. ಅವರಲ್ಲಿ ಹೊಲಗದ್ದೆಯವರು, ಹಾಲಿನ ಕಸುಬಿನವರು, ಉಪಾಧ್ಯಾಯರು ಇದ್ದರು. 1995ರವರೆಗೆ ಈ ಆಟಕ್ಕೆ ಸಂಬಳವೆಂಬುದೇ ಇರಲಿಲ್ಲ. ತಿಂಗಳುಗಟ್ಟಲೆ ಹಡಗಿನಲ್ಲಿ ಹೋಗಿ ಆಡಿ ಬಂದರೂ ದೊರೆಯುತ್ತಿದ್ದುದು ಕರಿಯ ಅಂಗಿ, ಅದರ ಮೇಲೆ ಬೆಳ್ಳಿಬಣ್ಣದ ಜರೀಗಿಡದ ಎಲೆ. ಹೆಸರು ಪಟ್ಟಿಗೆ ಸೇರಿತೆಂಬುದೇ ಅವರಿಗೆ ದೊರೆಯುತ್ತಿದ್ದ ಏಕೈಕ ಸಂಬಳ. ಆದಕಾರಣ, ಸೇರಬೇಕಾದ ಹೆಸರು ಸೇರದಿದ್ದರೆ ಕಳೆದುಕೊಂಡದ್ದು ಸರ್ವವನ್ನೂ.

ಮೇಲಿನಿಂದ ಕೆಳಗಿನವರೆಗೆ ಕರಿಯ ಉಡುಪು ತೊಡುವುದರಿಂದ ಆ ತಂಡಕ್ಕೆ ‘ಆಲ್ ಬ್ಲ್ಯಾಕ್ಸ್’ ಎಂಬ ಹೆಸರು. ಆ ಹೆಸರಿನ ತಂಡವೇ ಒಂದು ದೇಶಕ್ಕೆ ಹೋಗುವಾಗ ಮಾತ್ರ ಮೈಬಣ್ಣ ನೋಡಿ ಆಟಗಾರರನ್ನು ಆರಿಸುತ್ತಿತ್ತೆಂಬುದನ್ನು ಯಾವ ವಿನೋದ ಲೇಖಕನೂ ಕಲ್ಪಿಸಿರಲಾರ.

ನ್ಯೂಜಿಲೆಂಡಿನ ಮೂಲ ನಿವಾಸಿಗಳು ಮಾವೋರಿಗಳು. ಬಿಳಿಯರು ತಂದ ಈ ಆಟವನ್ನು ಅವರು ಬಹುಬೇಗ ತಮ್ಮದಾಗಿಸಿಕೊಂಡರು. 1921ರಲ್ಲಿ ದಕ್ಷಿಣ ಆಫ್ರಿಕದ ತಂಡ ನ್ಯೂಜಿಲೆಂಡಿಗೆ ಬಂದಾಗ ನೇಪಿಯರ್ ನಗರದಲ್ಲಿ ಮಾವೋರಿಗಳ ತಂಡದೊಡನೆ ಆಡಿತು. ಒಂದೇ ಒಂದು ಅಂಕದಿಂದ, 9-8ರಲ್ಲಿ, ಗೆದ್ದು ಉಸಿರುಬಿಟ್ಟಿತು. ಆಟದ ನಂತರ ಅತಿಥಿಗಳೊಡನೆ ಬಂದಿದ್ದ ಪತ್ರಕರ್ತನೊಬ್ಬನು ತನ್ನ ದೇಶಕ್ಕೆ ಒಂದು ತಂತಿಯನ್ನು ಕಳುಹಿಸಿದನು. ಬಿಳಿಯ ಪ್ರೇಕ್ಷಕರು ತಮ್ಮದೇ ಜನಾಂಗದವರ ವಿರುದ್ಧ ಕರಿಯರಿಗೆ ಜಯಕಾರ ಹಾಕಿದರೆಂಬುದು ಅವನ ದುಃಖ. ತಂತಿಯ ಒಕ್ಕಣೆ ಹೇಗೋ ಹೊರಬಿದ್ದು ನ್ಯೂಜಿಲೆಂಡಿನ ಪತ್ರಿಕೆಗಳಲ್ಲಿ ಅಚ್ಚಾಯಿತು. ದೊಡ್ಡ ಗದ್ದಲವಾಯಿತು. ಗದ್ದಲ ಅಡಗಿದ ಮೇಲೆ ಉಳಿದ ಪ್ರಶ್ನೆ ಒಂದೇ: ನಾಳೆ ನಮ್ಮ ತಂಡ ಅವರ ದೇಶಕ್ಕೆ ಹೋಗುವಾಗ ಯಾರನ್ನು ಕಳುಹಿಸುವುದು?

ಉತ್ತರ ಹೇಳಬೇಕಾದ ಕಾಲ ಬಂದದ್ದು 1928ರಲ್ಲಿ. ಆ ವೇಳೆಗೆ ಪ್ರಶ್ನೆಗೆ ಒಂದು ಮುಖವೂ ಒಂದು ಹೆಸರೂ ಬಂದಿದ್ದವು. ಆ ಹೆಸರು ಜಾರ್ಜ್ ನೆಪಿಯಾ.

1905ರಲ್ಲಿ ಹುಟ್ಟಿದ ಈ ಮಾವೋರಿ ತರುಣನು ಹತ್ತೊಂಬತ್ತನೆಯ ವಯಸ್ಸಿನಲ್ಲಿಯೇ ಆಲ್ ಬ್ಲ್ಯಾಕ್ಸ್ ತಂಡಕ್ಕೆ ಆಯ್ಕೆಯಾದನು. ಆತನು ಮೊದಲು ಆಡುತ್ತಿದ್ದ ಸ್ಥಾನ ಬೇರೆ. 1924ರ ಪರೀಕ್ಷಾ ಪಂದ್ಯಗಳಲ್ಲಿ ಆತನನ್ನು ಎಲ್ಲರಿಗಿಂತ ಹಿಂದೆ, ಫುಲ್‌ಬ್ಯಾಕ್ ಸ್ಥಾನದಲ್ಲಿ ನಿಲ್ಲಿಸಿ ನೋಡಿದರು. ಕೋಟೆಯ ಕೊನೆಯ ಬಾಗಿಲನ್ನು ಕಾಯುವವನ ಸ್ಥಾನ ಅದು: ಹದಿನಾಲ್ಕು ಮಂದಿಯನ್ನು ದಾಟಿ ನುಗ್ಗಿ ಬಂದ ಎದುರಾಳಿಯನ್ನು ಒಬ್ಬನೇ ಕೆಡಹಬೇಕು, ಆಕಾಶದಿಂದ ಬೀಳುವ ಚೆಂಡನ್ನು, ಎಂಟು ಜನ ಮೈಮೇಲೆ ಬರುತ್ತಿರುವುದನ್ನು ಕಂಡೂ ಕಾಣದವನಂತೆ ನಿಂತು, ಹಿಡಿಯಬೇಕು. ಆಯ್ಕೆಗಾರರು ಮಾಡಿದ ಆ ಒಂದು ಬದಲಾವಣೆ ರಗ್ಬಿಯ ಚರಿತ್ರೆಯಲ್ಲಿಯೇ ಒಂದು ಅದ್ಭುತವೆನಿಸಿತು. ಆ ವರ್ಷ ಬ್ರಿಟನ್, ಫ್ರಾನ್ಸ್ ಮತ್ತು ಕೆನಡಾಗಳಿಗೆ ಹೋದ ತಂಡ 32 ಪಂದ್ಯಗಳನ್ನಾಡಿ ಮೂವತ್ತೆರಡನ್ನೂ ಗೆದ್ದಿತು. ಸೋಲರಿಯದವರೆಂಬ ಬಿರುದು ಆ ತಂಡಕ್ಕೆ ಇಂದಿಗೂ ಉಳಿದಿದೆ. ಇತರರು ಸರದಿಯಂತೆ ವಿಶ್ರಾಂತಿ ಪಡೆದರು. ನೆಪಿಯಾ ಮಾತ್ರ ಆ ಮೂವತ್ತೆರಡು ಪಂದ್ಯಗಳಲ್ಲಿ ಒಂದನ್ನೂ ತಪ್ಪಿಸಲಿಲ್ಲ. ಬೇರೊಬ್ಬನನ್ನು ಆ ಜಾಗದಲ್ಲಿ ನಿಲ್ಲಿಸುವ ಧೈರ್ಯ ಯಾರಿಗೂ ಬರಲಿಲ್ಲವೆಂದೇ ಹೇಳಬೇಕು.

ಹೀಗಿದ್ದೂ 1928ರ ದಕ್ಷಿಣ ಆಫ್ರಿಕ ಪ್ರವಾಸದ ಪಟ್ಟಿಯಲ್ಲಿ ನೆಪಿಯಾ ಇರಲಿಲ್ಲ. ಆ ಅಜೇಯ ತಂಡದ ಹಾಫ್‌ಬ್ಯಾಕ್ ಆಗಿದ್ದ ಮತ್ತೊಬ್ಬ ಮಾವೋರಿ ಜಿಮ್ಮಿ ಮಿಲ್ ಕೂಡ ಇರಲಿಲ್ಲ. ಆಡುವ ಶಕ್ತಿ ಕುಂದಿತ್ತೇ? 1929ರಲ್ಲಿ ನೆಪಿಯಾ ಮತ್ತೆ ಟೆಸ್ಟ್ ಆಡಿದನು. 1930ರಲ್ಲಿ ಬ್ರಿಟಿಷ್ ತಂಡ ಬಂದಾಗ ನಾಲ್ಕು ಟೆಸ್ಟ್‌ಗಳಲ್ಲಿಯೂ ಆಡಿದನು. ಮುಂಚಿನ ವರ್ಷಗಳಲ್ಲಿ ಯೋಗ್ಯ, ನಂತರದ ವರ್ಷಗಳಲ್ಲಿಯೂ ಯೋಗ್ಯ, ನಡುವಿನ ಒಂದು ವರ್ಷ ಮಾತ್ರ ಅಯೋಗ್ಯ! ಅಂಕಿಅಂಶಗಳ ಪುಸ್ತಕವೇ ಇಲ್ಲಿ ಸಾಕ್ಷಿ ಹೇಳುತ್ತದೆ. ಬೇರೆ ವಕೀಲರು ಬೇಕಿಲ್ಲ.

ಮುಂದೆ ಜಗತ್ತನ್ನೇ ಕಾಡಿದ ಆರ್ಥಿಕ ಮುಗ್ಗಟ್ಟಿನಲ್ಲಿ ನೆಪಿಯಾನ ಜಮೀನಿನ ಮೇಲೂ ಸಾಲದ ಭಾರ ಬಿದ್ದಿತು. 1935ರಲ್ಲಿ ಆತನು ಇಂಗ್ಲೆಂಡಿಗೆ ಹೋಗಿ ಹಣಕ್ಕಾಗಿ ಆಡುವ ಲೀಗ್ ರಗ್ಬಿಯನ್ನು ಸೇರಿದನು. ಹಣ ಮುಟ್ಟಿದವನಿಗೆ ಹಳೆಯ ಆಟದ ಬಾಗಿಲು ಮುಚ್ಚಿತು. ಬಹುಕಾಲದ ಮೇಲೆ ಆ ಬಹಿಷ್ಕಾರ ತೆರವಾಯಿತು. 1950ರಲ್ಲಿ, ನಲವತ್ತೈದರ ವಯಸ್ಸಿನಲ್ಲಿ, ತನ್ನ ಮಗನೇ ಇದ್ದ ತಂಡದ ವಿರುದ್ಧ ಆತನು ಒಂದು ಪಂದ್ಯವನ್ನಾಡಿದನು. ತಂದೆ ಒಂದು ಕಡೆ, ಮಗ ಇನ್ನೊಂದು ಕಡೆ. ಮೈದಾನದ ಸುತ್ತ ನಿಂತಿದ್ದವರಿಗೆ ಯಾರಿಗೆ ಚಪ್ಪಾಳೆ ತಟ್ಟಬೇಕೆಂಬುದೇ ಸಮಸ್ಯೆಯಾಗಿರಬೇಕು.

ಎರಡನೆಯ ಮಹಾಯುದ್ಧದಲ್ಲಿ ಮಾವೋರಿಗಳ 28ನೆಯ ಬೆಟಾಲಿಯನ್ ಗ್ರೀಸ್, ಉತ್ತರ ಆಫ್ರಿಕ, ಇಟಲಿಗಳಲ್ಲಿ ಹೋರಾಡಿತು. ಯುದ್ಧ ಮುಗಿದ ಮೇಲೆ ನ್ಯೂಜಿಲೆಂಡ್ ಸೈನಿಕರ ತಂಡವೊಂದು ಬ್ರಿಟನ್ನಿನಲ್ಲೆಲ್ಲ ಪಂದ್ಯಗಳನ್ನಾಡಿ ಜನರ ಮನಸ್ಸನ್ನು ಗೆದ್ದಿತು. ಅದರ ತಾರೆಗಳಲ್ಲೊಬ್ಬನು ಜಾನಿ ಸ್ಮಿತ್ ಎಂಬ ಮಾವೋರಿ. ಅದೇ ತಂಡದಲ್ಲಿದ್ದ ಫ್ರೆಡ್ ಆ್ಯಲನ್ 1949ರಲ್ಲಿ ಆಲ್ ಬ್ಲ್ಯಾಕ್ಸ್ ನಾಯಕನಾಗಿ ದಕ್ಷಿಣ ಆಫ್ರಿಕಕ್ಕೆ ಹಡಗು ಹತ್ತಿದನು. ಸ್ಮಿತ್ ಹತ್ತಲಿಲ್ಲ. ಹಾಫ್‌ಬ್ಯಾಕ್ ಸ್ಥಾನಕ್ಕೆ ಸಮರ್ಥನೆನಿಸಿದ್ದ ವಿನ್ಸ್ ಬೆವನ್ ಎಂಬಾತನ ರಕ್ತದಲ್ಲಿ ಮಾವೋರಿ ಅಂಶವಿತ್ತು, ಆತನೂ ಹತ್ತಲಿಲ್ಲ. ಹಿಂದಿನ ವರ್ಷವಷ್ಟೇ ದಕ್ಷಿಣ ಆಫ್ರಿಕದಲ್ಲಿ ವರ್ಣಭೇದವನ್ನೇ ರಾಜನೀತಿಯನ್ನಾಗಿ ಮಾಡಿಕೊಂಡ ಪಕ್ಷ ಅಧಿಕಾರಕ್ಕೆ ಬಂದಿತ್ತು.

ಈ ಆಯ್ಕೆಯನ್ನು ವಿರೋಧಿಸಿ ಮಾತನಾಡಿದವರಲ್ಲಿ ಸರ್ ಹೊವರ್ಡ್ ಕಿಪ್ಪನ್‌ಬರ್ಗರ್ ಒಬ್ಬರು. ಅವರು ಸಾಮಾನ್ಯರಲ್ಲ. ನ್ಯೂಜಿಲೆಂಡ್ ಸೇನೆಯ ಹೆಸರಾಂತ ಸೇನಾನಿ. 1944ರಲ್ಲಿ ಇಟಲಿಯ ಕಸ್ಸೀನೋ ಬಳಿ ಸಿಡಿದ ನೆಲಬಾಂಬಿನಿಂದ ಎರಡು ಪಾದಗಳನ್ನೂ ಕಳೆದುಕೊಂಡವರು. ಆಗ ನಿವೃತ್ತ ಸೈನಿಕರ ಸಂಘದ ಅಧ್ಯಕ್ಷರು. ಮಾವೋರಿ ಸೈನಿಕರು ತಮ್ಮ ಕಣ್ಣೆದುರಿಗೇ ಪ್ರಾಣ ಕೊಟ್ಟದ್ದನ್ನು ಕಂಡವರಿಗೆ, ಅಂಥವರ ತಮ್ಮಂದಿರನ್ನು ಚೆಂಡಾಟಕ್ಕೆ ಸೇರಿಸಲಾಗದೆಂಬ ಮಾತು ಹೇಗೆ ರುಚಿಸಬೇಕು? ಅವರು ಪ್ರತಿಭಟಿಸಿದರು. ಹಡಗು ಹೊರಟುಹೋಯಿತು.

ಅಲ್ಲಿ ನಡೆದದ್ದು ವಿಪತ್ತು. ನಾಲ್ಕು ಟೆಸ್ಟ್‌ಗಳನ್ನಾಡಿ ನಾಲ್ಕನ್ನೂ ಸೋತರು. ಮೊದಲನೆಯದರಲ್ಲಿ ಎದುರಾಳಿಗಳ ಓಕಿ ಗೆಫಿನ್ ಐದು ಪೆನಾಲ್ಟಿಗಳನ್ನು ಒದ್ದು 15 ಅಂಕಗಳನ್ನೂ ಒಬ್ಬನೇ ಗಳಿಸಿ 15-11ರಲ್ಲಿ ಗೆಲ್ಲಿಸಿಕೊಟ್ಟನು. ಹಾಫ್‌ಬ್ಯಾಕ್ ಎಂದರೆ ಮುಂಪಡೆಗೂ ಹಿಂಪಡೆಗೂ ನಡುವಣ ಸೇತುವೆ. ಆ ಸೇತುವೆಯೇ ದುರ್ಬಲವಾಗಿದ್ದುದರಿಂದ, ಚೆಂಡು ನಿಧಾನವಾಗಿ ಹೊರಬಂದಾಗಲೆಲ್ಲ ಹೆನ್ನಿ ಮುಲ್ಲರ್ ಎಂಬ ಚುರುಕಿನ ಆಟಗಾರನು ಅದನ್ನು ಹಿಡಿದವನ ಮೇಲೆ ಗಿಡುಗನಂತೆ ಎರಗುತ್ತಿದ್ದನು. ಬೆವನ್ ಇದ್ದಿದ್ದರೆ ಎಂದು ಸ್ವದೇಶದಲ್ಲಿ ಪರಿತಪಿಸಿದವರು ಹಲವರು.

ಆದರೆ ಈ ಪರಿತಾಪವನ್ನು ಅತಿಯಾಗಿ ನಂಬುವುದು ಸರಿಯಲ್ಲ. 1949ರ ಸೆಪ್ಟೆಂಬರ್ 3ರಂದು ಪ್ರವಾಸಿ ತಂಡ ಡರ್ಬನ್ನಿನಲ್ಲಿ ಮೂರನೆಯ ಟೆಸ್ಟ್ ಆಡುತ್ತಿದ್ದ ದಿನವೇ, ಸ್ವದೇಶದ ವೆಲಿಂಗ್ಟನ್ನಿನಲ್ಲಿ ಆಸ್ಟ್ರೇಲಿಯದ ವಿರುದ್ಧ ಇನ್ನೊಂದು ಟೆಸ್ಟ್ ನಡೆಯಿತು. ಸ್ಮಿತ್, ಬೆವನ್ ಮೊದಲಾಗಿ ಉಳಿದವರನ್ನು ಕೂಡಿಸಿ ಅಲ್ಲಿಗೊಂದು ತಂಡವನ್ನು ಕಟ್ಟಿದ್ದರು. ಡರ್ಬನ್ನಿನಲ್ಲಿಯೂ ಸೋಲು, ವೆಲಿಂಗ್ಟನ್ನಿನಲ್ಲಿಯೂ ಸೋಲು! ಒಂದೇ ದಿನ ಎರಡು ಭೂಖಂಡಗಳಲ್ಲಿ ಎರಡು ಟೆಸ್ಟ್‌ಗಳನ್ನು ಸೋತ ಖ್ಯಾತಿ ನ್ಯೂಜಿಲೆಂಡಿಗೆ ಸಲ್ಲುತ್ತದೆ. ನೆಪಿಯಾನನ್ನು ಬಿಟ್ಟು ಹೋದ 1928ರ ತಂಡವಾದರೋ ಸರಣಿಯನ್ನು ಎರಡು-ಎರಡರಲ್ಲಿ ಸಮ ಮಾಡಿಕೊಂಡೇ ಬಂದಿತ್ತು. ಆದ್ದರಿಂದ ಅವರನ್ನು ಸೇರಿಸಿಕೊಂಡಿದ್ದರೆ ಗೆಲ್ಲುತ್ತಿದ್ದೆವು ಎಂಬುದು ವಾದವೇ ಅಲ್ಲ. ಗೆಲ್ಲಲಿ, ಸೋಲಲಿ, ದೇಶದ ಹೆಸರಿನಲ್ಲಿ ಹೊರಡುವ ತಂಡವನ್ನು ಆ ದೇಶದವರೇ ಆರಿಸಿದರೋ ಇಲ್ಲವೇ ಎದುರಾಳಿಗಳು ಆರಿಸಿಕೊಟ್ಟರೋ ಎಂಬುದಷ್ಟೇ ಪ್ರಶ್ನೆ.

ಈ ಪ್ರಶ್ನೆ ಬೀದಿಗೆ ಬರಲು ಇನ್ನೂ ಹತ್ತು ವರ್ಷ ಬೇಕಾಯಿತು. 1960ರ ಪ್ರವಾಸಕ್ಕೆ ಮತ್ತೆ ಬಿಳಿಯರನ್ನು ಮಾತ್ರವೇ ಕಳುಹಿಸುವುದೆಂದು ರಗ್ಬಿ ಸಂಘ ತೀರ್ಮಾನಿಸಿದಾಗ, ವೆಲಿಂಗ್ಟನ್ನಿನ ಶಸ್ತ್ರವೈದ್ಯರಾದ ರೋಲಂಡ್ ಓ’ರೀಗನ್ ಅವರ ಮುಂದಾಳುತನದಲ್ಲಿ ನಾಗರಿಕರ ಸಂಘವೊಂದು ಹುಟ್ಟಿಕೊಂಡಿತು. ‘ಮಾವೋರಿಗಳಿಲ್ಲದಿದ್ದರೆ ಪ್ರವಾಸವೂ ಇಲ್ಲ’ ಎಂಬುದು ಅದರ ಘೋಷಣೆ. ಜನರ ಮನವಿಗೆ ಒಂದೂವರೆ ಲಕ್ಷಕ್ಕೂ ಮಿಕ್ಕಿದ ಸಹಿಗಳು ಬಿದ್ದವು. ಆಗ ಆ ದೇಶದ ಜನಸಂಖ್ಯೆ ಇಪ್ಪತ್ತನಾಲ್ಕು ಲಕ್ಷದಷ್ಟೂ ಇರಲಿಲ್ಲ. ಮಾರ್ಚ್ 21ರಂದು ಶಾರ್ಪ್‌ವಿಲ್ಲಿನಲ್ಲಿ ಪೊಲೀಸರು ಕರಿಯರ ಗುಂಪಿನ ಮೇಲೆ ಗುಂಡು ಹಾರಿಸಿ 69 ಮಂದಿ ಸತ್ತರು. ಪ್ರಧಾನಿ ವಾಲ್ಟರ್ ನ್ಯಾಷ್ ಅವರು ಮಾತ್ರ, ಇದು ರಗ್ಬಿ ಸಂಘಕ್ಕೆ ಸೇರಿದ ವಿಷಯ, ಸರ್ಕಾರ ಕೈಹಾಕದು ಎಂಬ ನಿಲುವನ್ನು ಬಿಡಲಿಲ್ಲ. ತಂಡ ಹೊರಟಿತು, ಸರಣಿಯನ್ನು ಎರಡಕ್ಕೆ ಒಂದರಂತೆ ಸೋತು, ಒಂದನ್ನು ಸಮ ಮಾಡಿಕೊಂಡು ಮರಳಿತು.

ಸಹಿಗಳು ವ್ಯರ್ಥವಾದವೆಂದು ತಿಳಿದವರಿಗೆ ಮುಂದಿನ ಸಲ ಉತ್ತರ ದೊರೆಯಿತು. 1967ರಲ್ಲಿ ಮತ್ತೆ ಹೋಗಬೇಕಾಗಿದ್ದಿತು. ಮಾವೋರಿಗಳು ಬರಕೂಡದೆಂದು ದಕ್ಷಿಣ ಆಫ್ರಿಕದ ಪ್ರಧಾನಿ ವರ್‌ವೂರ್ಟ್ 1965ರಲ್ಲಿಯೇ ಸೂಚಿಸಿದ್ದರು. ಜನಾಂಗ ನೋಡಿ ಆರಿಸಿದ ತಂಡ ಇಡೀ ದೇಶವನ್ನು ಪ್ರತಿನಿಧಿಸಲಾರದು ಎಂಬ ಅಭಿಪ್ರಾಯವನ್ನು ನ್ಯೂಜಿಲೆಂಡಿನ ಪ್ರಧಾನಿ ಹೋಲಿಯೋಕ್ ವ್ಯಕ್ತಪಡಿಸಿದರು. ಈ ಬಾರಿ ರಗ್ಬಿ ಸಂಘ ಪ್ರವಾಸವನ್ನೇ ಕೈಬಿಟ್ಟಿತು. ಅದರ ಬದಲು ತಂಡ ಬ್ರಿಟನ್ ಮತ್ತು ಫ್ರಾನ್ಸ್‌ಗಳ ಕಡೆಗೆ ಹೊರಟಿತು. ಬ್ರಯನ್ ಲೊಕೋರ್ ನಾಯಕ. ತರಬೇತುದಾರನು 1949ರಲ್ಲಿ ನಾಯಕನಾಗಿ ನಾಲ್ಕಕ್ಕೆ ನಾಲ್ಕನ್ನೂ ಸೋತು ಬಂದಿದ್ದ ಅದೇ ಫ್ರೆಡ್ ಆ್ಯಲನ್. ಈ ತಂಡ ಒಂದು ಪಂದ್ಯವನ್ನೂ ಸೋಲಲಿಲ್ಲ. ಇಂಗ್ಲೆಂಡಿನ ದನಗಳಿಗೆ ಕಾಲುಬಾಯಿ ರೋಗ ಬಂದುದರಿಂದ ಐರ್ಲೆಂಡಿಗೆ ಹೋಗುವುದು ಮಾತ್ರ ತಪ್ಪಿತು.

ಮರುವರ್ಷ ಕ್ರಿಕೆಟ್ಟಿನಲ್ಲಿ ನಡೆದದ್ದು ನಮ್ಮ ವಾಚಕರಿಗೆ ಇನ್ನೂ ಹತ್ತಿರದ ಕಥೆ. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿ ಇಂಗ್ಲೆಂಡಿನ ಪರವಾಗಿ ಆಡುತ್ತಿದ್ದ ಬೇಸಿಲ್ ಡಿ ಒಲಿವಿರಾ 1968ರಲ್ಲಿ ಓವಲ್ ಮೈದಾನದಲ್ಲಿ 158 ಓಟಗಳನ್ನು ಗಳಿಸಿದ ಕೆಲವೇ ದಿನಗಳಲ್ಲಿ ದಕ್ಷಿಣ ಆಫ್ರಿಕ ಪ್ರವಾಸದ ಪಟ್ಟಿಯಿಂದ ಹೊರಗುಳಿದನು. ಗಾಯಗೊಂಡ ಬೇರೊಬ್ಬನ ಬದಲಿಗೆ ಆತನನ್ನು ಸೇರಿಸಿಕೊಂಡೊಡನೆ ಪ್ರಧಾನಿ ಫೋರ್‌ಸ್ಟರ್ ಈ ತಂಡ ಬೇಡವೆಂದರು, ಪ್ರವಾಸ ರದ್ದಾಯಿತು.

ಇಂಥ ಪೆಟ್ಟುಗಳಿಂದ ತುಸು ಮಣಿದ ದಕ್ಷಿಣ ಆಫ್ರಿಕ 1970ರಲ್ಲಿ ಒಂದು ಉಪಾಯ ಹೂಡಿತು. ಆ ವರ್ಷದ ಆಲ್ ಬ್ಲ್ಯಾಕ್ಸ್ ಪಟ್ಟಿಯಲ್ಲಿ ಸಿಡ್ ಗೋಯಿಂಗ್, ಬ್ಲೇರ್ ಫರ್ಲಾಂಗ್, ಬಫ್ ಮಿಲ್ನರ್ ಎಂಬ ಮೂವರು ಮಾವೋರಿಗಳೂ, ಸಮೋವ ದ್ವೀಪದ ಮೂಲದ ಹತ್ತೊಂಬತ್ತರ ತರುಣ ಬ್ರಯನ್ ವಿಲಿಯಮ್ಸನೂ ಇದ್ದರು. ಇವರಿಗೆ ‘ಗೌರವ ಬಿಳಿಯರು’ ಎಂಬ ಪದವಿ! ಬಿಳಿಯರ ಹೋಟೆಲಿನಲ್ಲಿ ಇಳಿದುಕೊಳ್ಳಬಹುದು, ಬಿಳಿಯರೊಡನೆ ಊಟ ಮಾಡಬಹುದು. ಅವರನ್ನೇ ಹೋಲುವ ಮೈಬಣ್ಣದ ಸ್ಥಳೀಯ ಜನ ಮೈದಾನದ ಬೇಲಿ ಹಾಕಿದ ಮೂಲೆಯಲ್ಲಿ ನಿಂತು ಇದನ್ನು ನೋಡುತ್ತಿದ್ದರು, ಮತ್ತು ಪ್ರವಾಸಿ ತಂಡಕ್ಕೇ ಜಯಕಾರ ಹಾಕುತ್ತಿದ್ದರು. ವಿಲಿಯಮ್ಸ್ ಚೆಂಡು ಹಿಡಿದು ಓಡುವಾಗಲಂತೂ ಆ ಮೂಲೆಯ ಕೂಗು ಹೇಳತೀರದು. ವಿಶ್ವವಿದ್ಯಾನಿಲಯಗಳು ಗೌರವ ಡಾಕ್ಟರೇಟ್ ಕೊಡುವುದನ್ನು ಕೇಳಿದ್ದೇವೆ. ಒಂದು ಸರ್ಕಾರ ಗೌರವ ಚರ್ಮವನ್ನು ಕೊಟ್ಟದ್ದು ಚರಿತ್ರೆಯಲ್ಲಿ ವಿರಳವೇ ಸರಿ.

ಅದಾದ ಮೇಲೆ ಕಥೆ ಓಡತೊಡಗಿತು. 1973ರಲ್ಲಿ ದಕ್ಷಿಣ ಆಫ್ರಿಕದ ತಂಡ ನ್ಯೂಜಿಲೆಂಡಿಗೆ ಬರುವುದನ್ನು ಪ್ರಧಾನಿ ನಾರ್ಮನ್ ಕರ್ಕ್ ತಡೆದರು. 1976ರಲ್ಲಿ ಸೊವೆಟೋದಲ್ಲಿ ಮಕ್ಕಳ ಮೇಲೆ ಗುಂಡು ಹಾರಿದ ಬೆನ್ನಿಗೇ ಆಲ್ ಬ್ಲ್ಯಾಕ್ಸ್ ಅಲ್ಲಿ ಆಡಿದ್ದರಿಂದ, ಇಪ್ಪತ್ತಕ್ಕೂ ಹೆಚ್ಚು ಆಫ್ರಿಕನ್ ದೇಶಗಳು ಮಾಂಟ್ರಿಯಲ್ ಒಲಿಂಪಿಕ್ಸನ್ನು ಬಹಿಷ್ಕರಿಸಿದವು.

ಇಷ್ಟುಕಾಲವೂ ಪಟ್ಟಿಯಿಂದ ಹೆಸರನ್ನು ತೆಗೆದವರು ಆಯ್ಕೆಗಾರರು. ಆಟಗಾರನೇ ತನ್ನ ಹೆಸರನ್ನು ತೆಗೆದರೆ? 1981ರಲ್ಲಿ ದಕ್ಷಿಣ ಆಫ್ರಿಕದ ತಂಡ ನ್ಯೂಜಿಲೆಂಡಿಗೆ ಬರುವುದು ಖಚಿತವಾದಾಗ ತಂಡದ ನಾಯಕನಾಗಿದ್ದವನು ಗ್ರಹಾಂ ಮೌರಿ, ತರನಾಕಿ ಪ್ರಾಂತದಲ್ಲಿ ಹಾಲಿನ ಕಸುಬಿನ ರೈತ. 1978ರಲ್ಲಿ ಆತನ ನಾಯಕತ್ವದಲ್ಲಿ ತಂಡ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ನಾಲ್ಕನ್ನೂ ಒಂದೇ ಪ್ರವಾಸದಲ್ಲಿ ಸೋಲಿಸಿತ್ತು. ಆತನ ಹೆಸರನ್ನು ಬಿಟ್ಟು ಪಟ್ಟಿ ಬರೆಯುವುದು ಯಾರಿಗೂ ಸಾಧ್ಯವಿರಲಿಲ್ಲ. ತಾನು ಈ ಸರಣಿಯಲ್ಲಿ ಆಡುವುದಿಲ್ಲವೆಂದು ಮೌರಿ ತಿಳಿಸಿದನು. ನಮ್ಮ ದೇಶದವರಿಗೆ ಇದರ ಬೆಲೆ ಗೊತ್ತು. 1974ರಲ್ಲಿ ಅಮೃತರಾಜ್ ಸಹೋದರರಿದ್ದ ಭಾರತ ತಂಡ ಡೇವಿಸ್ ಕಪ್ ಟೆನಿಸ್ಸಿನ ಅಂತಿಮ ಘಟ್ಟವನ್ನು ಮುಟ್ಟಿ, ಎದುರಾಳಿ ದಕ್ಷಿಣ ಆಫ್ರಿಕವೆಂಬ ಕಾರಣಕ್ಕೆ ಆಡದೆ ಕಪ್ಪನ್ನೇ ಬಿಟ್ಟುಕೊಟ್ಟಿತ್ತು.

ಮೌರಿ ಇಲ್ಲದೆಯೂ ಸರಣಿ ನಡೆಯಿತು. 56 ದಿನ ನ್ಯೂಜಿಲೆಂಡ್ ಎರಡಾಗಿ ಒಡೆಯಿತು. ಒಂದೇ ಮನೆಯ ಜನ ಮಾತು ಬಿಟ್ಟರು. ಹ್ಯಾಮಿಲ್ಟನ್ನಿನಲ್ಲಿ ಪ್ರತಿಭಟನಕಾರರು ಮೈದಾನದ ನಡುವೆ ನಿಂತು ಪಂದ್ಯವನ್ನೇ ನಿಲ್ಲಿಸಿದರು. ಆಕ್ಲೆಂಡಿನ ಕೊನೆಯ ಟೆಸ್ಟ್‌ನಲ್ಲಿ ಸಣ್ಣ ವಿಮಾನವೊಂದು ತಲೆಯ ಮೇಲೆ ಹಾರಾಡುತ್ತ ಹಿಟ್ಟಿನ ಪೊಟ್ಟಣಗಳನ್ನು ಆಟಗಾರರ ಮೇಲೆ ಎಸೆಯಿತು.

ಕೊನೆಯ ಅಂಕವೇ ಎಲ್ಲಕ್ಕಿಂತ ಸ್ವಾರಸ್ಯವಾದದ್ದು. 1985ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋಗಲು ಮೂವತ್ತು ಮಂದಿಯ ಪಟ್ಟಿ ಸಿದ್ಧವಾಗಿತ್ತು. ಇಬ್ಬರು ವಕೀಲರು, ತಾವೂ ರಗ್ಬಿ ಕ್ಲಬ್ಬಿನ ಸದಸ್ಯರೇ, ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಆಟವನ್ನು ಪೋಷಿಸುವುದೇ ಸಂಘದ ಉದ್ದೇಶವೆಂದು ಅದರ ನಿಯಮಾವಳಿಯೇ ಹೇಳುವಾಗ, ಆಟದ ಹೆಸರನ್ನು ಕೆಡಿಸುವ ಈ ಪ್ರವಾಸಕ್ಕೆ ಅಧಿಕಾರವೆಲ್ಲಿದೆ ಎಂಬುದು ಅವರ ವಾದ. ನ್ಯಾಯಮೂರ್ತಿ ಕೇಸಿ ತಡೆಯಾಜ್ಞೆ ನೀಡಿದರು, ಪ್ರವಾಸ ನಿಂತಿತು. ಆದರೆ ಮರುವರ್ಷ ಆ ಮೂವತ್ತು ಮಂದಿಯಲ್ಲಿ ಇಪ್ಪತ್ತೆಂಟು ಮಂದಿ ‘ಕ್ಯಾವಲಿಯರ್ಸ್’ ಎಂಬ ಬೇರೆ ಹೆಸರನ್ನಿಟ್ಟುಕೊಂಡು ತಾವಾಗಿಯೇ ಹೊರಟುಹೋದರು. ರಾಷ್ಟ್ರೀಯ ಆಯ್ಕೆಗಾರರಲ್ಲಿ ಒಬ್ಬನಾಗಿದ್ದ, ಆಟದ ದಂತಕಥೆಯೆನಿಸಿದ ಕಾಲಿನ್ ಮೀಡ್ಸ್ ಅವರ ತರಬೇತುದಾರ. ಹೋಗದೆ ಉಳಿದವರು ಇಬ್ಬರೇ: ಜಾನ್ ಕರ್ವನ್ ಮತ್ತು ತರುಣ ವೈದ್ಯ ಡೇವಿಡ್ ಕರ್ಕ್.

ಮರಳಿದವರಿಗೆ ಎರಡು ಟೆಸ್ಟ್‌ಗಳ ಕಾಲ ಆಡಕೂಡದೆಂಬ ಶಿಕ್ಷೆಯಾಯಿತು. ಫ್ರಾನ್ಸ್ ತಂಡವಾದರೋ ಬಂದೇಬಿಟ್ಟಿತ್ತು. ಹಿಂದೆ ನಾಯಕನಾಗಿದ್ದ ಬ್ರಯನ್ ಲೊಕೋರ್ ಈಗ ತರಬೇತುದಾರ. ಆತನ ಮುಂದಿದ್ದುದು ಬಹುಮಟ್ಟಿಗೆ ಬರಿಯ ಕಾಗದ. ಹೆಸರೇ ಕೇಳಿರದ ಹುಡುಗರನ್ನು ಕೂಡಿಸಿ, ಕರ್ಕ್‌ನನ್ನು ನಾಯಕನನ್ನಾಗಿ ಮಾಡಿ ಪಟ್ಟಿಯನ್ನು ತುಂಬಿದರು. ಪತ್ರಿಕೆಗಳು ಅದನ್ನು ‘ಬೇಬಿ ಬ್ಲ್ಯಾಕ್ಸ್’ ಎಂದು ಕರೆದವು. ಮುಂಪಡೆಯ ಒಂದು ಮುಖ್ಯ ಸ್ಥಾನಕ್ಕೆ ಆರಿಸಿದ್ದವನು ಗಾಯಗೊಂಡುದರಿಂದ ಷಾನ್ ಫಿಟ್ಸ್‌ಪ್ಯಾಟ್ರಿಕ್ ಎಂಬ ಹುಡುಗನನ್ನು ಕರೆಸಿದರು. 1986ರ ಜೂನ್ 28ರಂದು ಕ್ರೈಸ್ಟ್‌ಚರ್ಚಿನಲ್ಲಿ ಈ ಎಳೆಯರ ತಂಡ ಫ್ರಾನ್ಸನ್ನು 18-9ರಲ್ಲಿ ಸೋಲಿಸಿತು! ಬದಲಿಯಾಗಿ ಬಂದ ಫಿಟ್ಸ್‌ಪ್ಯಾಟ್ರಿಕ್ ಮುಂದೆ 92 ಟೆಸ್ಟ್‌ಗಳನ್ನಾಡಿದನು. ಬಹುಕಾಲ ತಂಡದ ನಾಯಕನೂ ಆದನು.

1987ರಲ್ಲಿ ರಗ್ಬಿಯ ಮೊದಲ ವಿಶ್ವಕಪ್ ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಗಳಲ್ಲಿ ನಡೆದಾಗ ತಂಡದೊಳಗೆ ಹೋದವರೂ ಉಳಿದವರೂ ಒಟ್ಟಿಗೆ ಇರಬೇಕಾಗಿತ್ತು. ನಾಯಕನೆಂದು ಆರಿಸಿದ್ದ ಆ್ಯಂಡಿ ಡಾಲ್ಟನ್ ಕ್ಯಾವಲಿಯರ್ಸ್ ಜೊತೆ ಹೋಗಿದ್ದವನು; ಆತನು ಗಾಯಗೊಂಡು ಹೊರಗುಳಿದುದರಿಂದ ನಾಯಕತ್ವ ಮತ್ತೆ ಕರ್ಕ್‌ನ ಪಾಲಿಗೆ ಬಂದಿತು. ಲೊಕೋರ್ ಆಟಗಾರರನ್ನು ದೊಡ್ಡ ಹೋಟೆಲಿನಿಂದ ಬಿಡಿಸಿ, ಪಿರಿನೋವ ಎಂಬ ಹಳ್ಳಿಗೆ ಕರೆದೊಯ್ದು ರೈತರ ಮನೆಗಳಲ್ಲಿ ಇಳಿಸಿದನು. ಆ ಮನೆಗಳ ಅಡಿಗೆ, ಕೊಟ್ಟಿಗೆ, ಮಕ್ಕಳ ಗಲಾಟೆ ಇವುಗಳ ನಡುವೆ ತಾರೆಗಳು ಮತ್ತೆ ನೆರೆಹೊರೆಯ ಹುಡುಗರಾದರು. ಜೂನ್ 20ರಂದು ಫ್ರಾನ್ಸನ್ನು 29-9ರಲ್ಲಿ ಮಣಿಸಿ ಕಪ್ಪನ್ನು ಗೆದ್ದರು. ಅಂಕ ಗಳಿಸಿದವರಲ್ಲಿ ಕರ್ಕ್ ಕೂಡ ಒಬ್ಬನಾಗಿದ್ದನು.

ಅತ್ತ ದಕ್ಷಿಣ ಆಫ್ರಿಕದ ಪಟ್ಟಿಯೂ ನಿಧಾನವಾಗಿ ಬದಲಾಯಿತು. 1981ರಲ್ಲಿ ಎರಲ್ ಟೋಬಿಯಾಸ್ ಆ ದೇಶಕ್ಕಾಗಿ ಟೆಸ್ಟ್ ಆಡಿದ ಮೊದಲ ಕಪ್ಪು ವರ್ಣದವನಾದನು. 2018ರಲ್ಲಿ ಸಿಯಾ ಕೊಲಿಸಿ ಟೆಸ್ಟ್ ತಂಡದ ಮೊದಲ ಕರಿಯ ನಾಯಕನಾದನು. ಆತನ ನಾಯಕತ್ವದಲ್ಲಿ ತಂಡ 2019 ಮತ್ತು 2023ರ ವಿಶ್ವಕಪ್‌ಗಳನ್ನು ಗೆದ್ದಿತು.

ಬಿಟ್ಟುಹೋದ ಹೆಸರುಗಳ ಲೆಕ್ಕವನ್ನು ನ್ಯೂಜಿಲೆಂಡ್ ರಗ್ಬಿ ಸಂಘ ಇತ್ಯರ್ಥ ಮಾಡಿದ್ದು 2010ರ ಮೇ ತಿಂಗಳಿನಲ್ಲಿ. ದಕ್ಷಿಣ ಆಫ್ರಿಕ ಪ್ರವಾಸಗಳ ಪಟ್ಟಿಯಿಂದ ಹೊರಗಿಡಲಾದ ಮಾವೋರಿ ಆಟಗಾರರನ್ನೂ ಅವರ ಮನೆಯವರನ್ನೂ ಅದು ಅಧಿಕೃತವಾಗಿ ಕ್ಷಮೆ ಕೇಳಿತು. ಅಷ್ಟುಹೊತ್ತಿಗೆ ಜಾನಿ ಸ್ಮಿತ್ ತೀರಿಕೊಂಡು ಮೂವತ್ತಾರು ವರ್ಷಗಳಾಗಿದ್ದವು. ವಿನ್ಸ್ ಬೆವನ್ ಇರಲಿಲ್ಲ. ಜಾರ್ಜ್ ನೆಪಿಯಾ 1986ರ ಆಗಸ್ಟ್ ತಿಂಗಳಿನಲ್ಲಿ, ಕ್ರೈಸ್ಟ್‌ಚರ್ಚಿನಲ್ಲಿ ಎಳೆಯರ ತಂಡ ಗೆದ್ದ ಎರಡು ತಿಂಗಳಿಗೆ, ಕಣ್ಣು ಮುಚ್ಚಿದ್ದನು.